ಮಾಲ್ ಫ್ಲಾಂಡರ್ಸ್ ಕಳ್ಳಿ, ಸರಿ. ಆದರೆ ಎಷ್ಟು ಕೆಟ್ಟವಳು? ಓದಿ ತೂಗುವ ಬಗೆ

ಡೇನಿಯಲ್ ಡೆಫೋ 1722ರಲ್ಲಿ ಹೊರತಂದ ‘ಮಾಲ್ ಫ್ಲಾಂಡರ್ಸ್’ ಕಾದಂಬರಿಯನ್ನು ಓದಿದವರು ಸಾಮಾನ್ಯವಾಗಿ ಎರಡು ಗುಂಪಾಗುತ್ತಾರೆ. ‘ಪಾಪ, ಬಡತನ ಅವಳಿಂದ ಎಲ್ಲವನ್ನೂ ಮಾಡಿಸಿತು’ ಅನ್ನುವವರು ಒಂದು ಕಡೆ. ‘ಮಹಾ ನಾಟಕದವಳು, ಕೊನೆಯ ಕಣ್ಣೀರೂ ಸುಳ್ಳು’ ಅನ್ನುವವರು ಇನ್ನೊಂದು ಕಡೆ. ಎರಡೂ ಸೋಮಾರಿ ಉತ್ತರ. ಪುಸ್ತಕ ಓದದೆಯೂ ಹೇಳಬಹುದಾದ ಮಾತು ಅವು, ಅಲ್ವಾ?

ಇವಳನ್ನು ತೂಗೋಕೆ ಒಂದು ಸುಲಭದ ದಾರಿ ಇದೆ. ಅವಳು ತನ್ನ ಪಾಪದ ಬಗ್ಗೆ ಏನು ಹೇಳುತ್ತಾಳೆ ಅನ್ನೋದನ್ನು ಸ್ವಲ್ಪ ಹೊತ್ತು ಬದಿಗಿಡಿ. ಆ ಹೊತ್ತಿಗೆ ಅವಳ ಹತ್ತಿರ ಎಷ್ಟು ದುಡ್ಡಿತ್ತು, ಅವಳು ಕದ್ದದ್ದು ಯಾರದ್ದು, ಕದ್ದ ಮೇಲೆ ಎಷ್ಟು ಹೊತ್ತು ಮನಸ್ಸು ಚುಚ್ಚಿತು, ಇಷ್ಟನ್ನು ಬರೆದಿಟ್ಟುಕೊಳ್ಳಿ. ಮಾಲ್ ಲೆಕ್ಕದಲ್ಲಿ ಬಲು ಗಟ್ಟಿ. ಗಂಡಂದಿರ ಹೆಸರು ಹೇಳೋದನ್ನು ಮರೆತಾಳು, ಪೌಂಡು ಶಿಲ್ಲಿಂಗು ಮರೆಯೋಲ್ಲ. ಹಾಗಾಗಿ ಅವಳ ವಿರುದ್ಧದ ಸಾಕ್ಷಿಯೂ ಅವಳ ಪರವಾದ ಸಾಕ್ಷಿಯೂ ಅವಳ ಲೆಕ್ಕದಲ್ಲೇ ಸಿಗುತ್ತದೆ.

ಶುರು ಮಾಡುವ ಮುಂಚೆ

ಈ ಕಾದಂಬರಿಯಲ್ಲಿ ಅಧ್ಯಾಯಗಳೇ ಇಲ್ಲ. ಉದ್ದಕ್ಕೆ ಒಂದೇ ಉಸಿರಿನ ಮಾತು. ಪೆನ್ಸಿಲ್ ಹಿಡಿದುಕೊಂಡು ಓದದಿದ್ದರೆ ಯಾವ ಗಂಡ ಎಲ್ಲಿ ಸತ್ತ, ಯಾವ ಮಗು ಯಾರ ಮನೆಯಲ್ಲಿ ಉಳಿಯಿತು ಅನ್ನೋದು ಗೊತ್ತಾಗದೆ ತಲೆ ಕೆಡುತ್ತದೆ. ಮೊದಲೇ ಒಂದು ಪುಟದಲ್ಲಿ ಅವಳ ಜೀವನದ ಸಾಲು ಬರೆದುಕೊಳ್ಳಿ: ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ ಹುಟ್ಟು, ಕೋಲ್ಚೆಸ್ಟರ್‌ನಲ್ಲಿ ಬಾಲ್ಯ, ಐದು ಮದುವೆ, ಅದರಲ್ಲೊಂದು ಗೊತ್ತಿಲ್ಲದೆ ಸ್ವಂತ ಅಣ್ಣತಮ್ಮನ ಜೊತೆಗೇ, ಆಮೇಲೆ ಹನ್ನೆರಡು ವರ್ಷದ ಕಳ್ಳತನ, ಮತ್ತೆ ನ್ಯೂಗೇಟ್, ಅಲ್ಲಿಂದ ವರ್ಜೀನಿಯಾಕ್ಕೆ ಗಡಿಪಾರು, ಕೊನೆಗೆ ಶ್ರೀಮಂತಿಕೆ ಮತ್ತು ಪಶ್ಚಾತ್ತಾಪ. ಇದನ್ನು ಹೇಳಿ ನಾನೇನೂ ಕಥೆ ಕೆಡಿಸಿಲ್ಲ. ಮೂಲ ಪುಸ್ತಕದ ಮುಖಪುಟದ ಮೇಲೇ ಇದರಲ್ಲಿ ಬಹುಪಾಲು ಅಚ್ಚಾಗಿತ್ತು.

ಆ ಕಾಲದ ಕಾನೂನು ಸ್ವಲ್ಪ ಗೊತ್ತಿರಬೇಕು. ಅದಿಲ್ಲದೆ ತೂಕ ತಪ್ಪುತ್ತದೆ. 1699ರ ಒಂದು ಕಾಯಿದೆಯ ಪ್ರಕಾರ ಅಂಗಡಿಯಿಂದ ಗುಟ್ಟಾಗಿ 5 ಶಿಲ್ಲಿಂಗ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಮಾಲು ಎಗರಿಸಿದರೆ ಗಲ್ಲು. ಒಂದು ಪೌಂಡಿಗೆ 20 ಶಿಲ್ಲಿಂಗ್. ಅಂದರೆ ಕಾಲು ಪೌಂಡಿಗೆ ಕುತ್ತಿಗೆ. ಗಲ್ಲಿನ ಬದಲು ಅಮೆರಿಕದ ವಸಾಹತುಗಳಿಗೆ ಸಾಗಿಸುವ ಪದ್ಧತಿ ಮೊದಲೂ ಇತ್ತು, 1718ರ ಕಾಯಿದೆ ಅದನ್ನು ದೊಡ್ಡ ವ್ಯವಸ್ಥೆಯನ್ನಾಗಿ ಮಾಡಿತು. ಮಾಲ್‌ಳ ತಾಯಿಯ ಕಥೆಯೂ ಅದೇ: ಬಟ್ಟೆ ವ್ಯಾಪಾರಿಯ ನಯವಾದ ಲಿನನ್ ಕದ್ದು ಗಲ್ಲಿನ ತೀರ್ಪಾಗಿ, ಬಸುರಿ ಅಂತ ಹೇಳಿ ಹೆರಿಗೆಯವರೆಗೆ ಉಳಿದುಕೊಂಡು, ಆಮೇಲೆ ವರ್ಜೀನಿಯಾಕ್ಕೆ ಹಡಗು ಹತ್ತಿದಳು. ಹಿಂದೆ ಉಳಿದ ಮಗುವಿಗೆ ಆಗ ಸುಮಾರು ಆರು ತಿಂಗಳು.

ಇನ್ನೊಂದು ವಿಷಯ. ಮದುವೆಯಾದ ಹೆಂಗಸಿನ ದುಡ್ಡು ಆಗ ಕಾನೂನಿನ ಪ್ರಕಾರ ಗಂಡನ ಕೈಗೆ ಹೋಗುತ್ತಿತ್ತು. ಗಂಡ ದಿವಾಳಿಯಾಗಿ ಓಡಿಹೋದರೆ ಅವಳು ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಮಾಲ್‌ಳ ಎರಡನೆಯ ಗಂಡ ಹಾಗೇ ಮಾಡಿದ. ಬಟ್ಟೆ ವ್ಯಾಪಾರಿ, ಶೋಕಿಲಾಲ. ಇಬ್ಬರ ದುಡ್ಡನ್ನೂ ಉಡಾಯಿಸಿ ಫ್ರಾನ್ಸಿಗೆ ಪರಾರಿ. ಡೆಫೋಗೆ ಇದೆಲ್ಲ ಕೇಳಿ ಗೊತ್ತಾದ ವಿಷಯ ಅಲ್ಲ. 1692ರಲ್ಲಿ ಅವನೇ ಸುಮಾರು 17,000 ಪೌಂಡ್ ಸಾಲದಲ್ಲಿ ದಿವಾಳಿಯಾದವನು. 1703ರಲ್ಲಿ ಒಂದು ವ್ಯಂಗ್ಯ ಲೇಖನಕ್ಕಾಗಿ ಮೂರು ದಿನ ಊರ ಮುಂದೆ ಶಿಕ್ಷೆಯ ಹಲಗೆಗೆ ಕತ್ತು ಕೊಟ್ಟು ನಿಂತವನು, ನ್ಯೂಗೇಟ್ ಜೈಲಿನ ಒಳಗೂ ಇದ್ದವನು.

ಮೊದಲ ಅರ್ಧವನ್ನು ಹಾರಿಸಬೇಡಿ

ಕಳ್ಳತನ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿಕೊಂಡು ನೇರವಾಗಿ ಅಲ್ಲಿಗೆ ಹೋಗುವವರಿದ್ದಾರೆ. ಹಾಗೆ ಮಾಡಿದರೆ ಅವಳು ಲೆಕ್ಕ ಕಲಿತದ್ದು ಎಲ್ಲಿ ಅನ್ನೋದೇ ತಪ್ಪಿಹೋಗುತ್ತದೆ.

ಎಂಟು ವರ್ಷದ ಹುಡುಗಿ ಮನೆಗೆಲಸಕ್ಕೆ ಕಳಿಸಬೇಡಿ ಅಂತ ಅಳುತ್ತಾಳೆ. ನೂತರೆ 3 ಪೆನ್ಸ್, ಹೊಲಿದರೆ 4 ಪೆನ್ಸ್ ದುಡಿಯಬಲ್ಲೆ, ನನ್ನ ಪಾಡಿಗೆ ನಾನು ಬದುಕುತ್ತೇನೆ ಅನ್ನುತ್ತಾಳೆ. ಸುತ್ತ ಇದ್ದ ದೊಡ್ಡವರು ನಗುತ್ತಾರೆ. ಮುಂದೆ ಒಂದು ಶ್ರೀಮಂತರ ಮನೆಯಲ್ಲಿ ಬೆಳೆಯುವಾಗ ಆ ಮನೆಯ ದೊಡ್ಡ ಮಗ ಮದುವೆಯ ಆಸೆ ತೋರಿಸಿ, ಅಂಗೈಗೆ ಚಿನ್ನದ ನಾಣ್ಯ ತುರುಕಿ ಅವಳನ್ನು ಕೆಡಿಸುತ್ತಾನೆ. ಆ ನಾಣ್ಯಗಳನ್ನು ಅವಳು ಎಣಿಸುತ್ತಾ ಕೂರುತ್ತಾಳೆ, ಗಮನಿಸಿ. ಕಿರಿಯವನು ನಿಜವಾಗಿ ಪ್ರೀತಿಸಿ ಮದುವೆಗೆ ಕೇಳಿದಾಗ ದೊಡ್ಡವನಿಗೆ ನಿರಾಳ. 500 ಪೌಂಡ್ ಕೊಟ್ಟು ತನ್ನ ತಮ್ಮನನ್ನೇ ಮದುವೆಯಾಗು ಅಂತ ಒಪ್ಪಿಸುತ್ತಾನೆ. ಈ ದೊಡ್ಡ ಮಗನಿಗೆ ಇಡೀ ಪುಸ್ತಕದಲ್ಲಿ ಯಾವ ಕಾನೂನೂ ತಾಗೋದಿಲ್ಲ. ಐದು ಶಿಲ್ಲಿಂಗ್ ಬಟ್ಟೆಗೆ ನೇಣು ಹಾಕುವ ಊರಿನಲ್ಲಿ ಇವನು ಗೌರವಸ್ಥ. ಟಿಪ್ಪಣಿ ಪುಸ್ತಕದಲ್ಲಿ ಇಂಥವರಿಗೂ ಒಂದು ಸಾಲು ಇಡಿ. ಮಾಲ್ ಒಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸೋದು ನ್ಯಾಯ ಅಲ್ಲ.

ಆದರೆ ಅವಳ ಕಡೆಯ ಲೆಕ್ಕವೂ ಅಲ್ಲೇ ಇದೆ. ಮೊದಲ ಗಂಡ ಐದು ವರ್ಷದಲ್ಲಿ ತೀರಿಕೊಂಡಾಗ ಇಬ್ಬರು ಮಕ್ಕಳನ್ನು ಅತ್ತೆ ಮಾವ ಇಟ್ಟುಕೊಳ್ಳುತ್ತಾರೆ. ಮಾಲ್ ಅದನ್ನು ಹೇಳುವ ಧಾಟಿ ನೋಡಿ: ಸದ್ಯ, ಒಂದು ಭಾರ ಇಳಿಯಿತು. ಕೈಯಲ್ಲಿ ಸುಮಾರು 1200 ಪೌಂಡ್ ಉಳಿಯಿತು. ದುಡ್ಡಿನ ಲೆಕ್ಕ ಸಿಗುತ್ತದೆ, ಮಕ್ಕಳ ಹೆಸರು ಸಿಗೋದಿಲ್ಲ. ಮುಂದೆ ಹುಟ್ಟುವ ಮಕ್ಕಳದ್ದೂ ಬಹುತೇಕ ಇದೇ ಪಾಡು. ನನ್ನನ್ನು ಕೇಳಿದರೆ ಅವಳ ಕಳ್ಳತನಕ್ಕಿಂತ ಇದು ಜಾಸ್ತಿ ಕಸಿವಿಸಿ ಮಾಡುತ್ತದೆ. ಒಂದು ಕಡೆ ಮಾತ್ರ, ಮಗುವನ್ನು ದುಡ್ಡು ಕೊಟ್ಟು ಸಾಕೋಕೆ ಬಿಡುವಾಗ ತಾಯಿ ನೋಡಿಕೊಂಡ ಹಾಗೆ ಬೇರೆಯವರು ನೋಡಿಕೊಳ್ಳೋಲ್ಲ, ಇದು ಕೊಲೆಗೆ ಸಮ ಅಂತ ಅವಳೇ ಉದ್ದಕ್ಕೆ ವಾದ ಮಾಡುತ್ತಾಳೆ. ಆಮೇಲೆ 10 ಪೌಂಡ್ ಕೊಟ್ಟು, ವರ್ಷಕ್ಕೆ 5 ಪೌಂಡ್ ಕೊಡುವುದಾಗಿ ಮಾತಾಡಿ, ಹಳ್ಳಿಯ ಹೆಂಗಸಿನ ಕೈಗೆ ಮಗು ಒಪ್ಪಿಸುತ್ತಾಳೆ. ಗೊತ್ತಿದ್ದೂ ಮಾಡುತ್ತಾಳೆ. ಯಾಕೆಂದರೆ ಬ್ಯಾಂಕಿನ ಗುಮಾಸ್ತನೊಬ್ಬ ಮದುವೆಗೆ ಕಾಯುತ್ತಿದ್ದಾನೆ.

ಇಲ್ಲಿಂದ ನಿಧಾನವಾಗಿ ಓದಿ

ಆ ಗುಮಾಸ್ತ ಗಂಡನೂ ದುಡ್ಡು ಕಳೆದುಕೊಂಡು ಕೊರಗಿ ಸಾಯುತ್ತಾನೆ. ಆಗ ಅವಳಿಗೆ 48. ಮದುವೆಯ ಮಾರುಕಟ್ಟೆ ಮುಗಿಯಿತು. ಎರಡು ವರ್ಷ ಇದ್ದದ್ದನ್ನು ಮಾರಿ ತಿನ್ನುತ್ತಾಳೆ. ಒಂದು ಸಂಜೆ ಗೊತ್ತು ಗುರಿ ಇಲ್ಲದೆ ಹೊರಟವಳು ಲೆಡನ್‌ಹಾಲ್ ಬೀದಿಯ ಔಷಧಿ ಅಂಗಡಿಯಲ್ಲಿ ಸ್ಟೂಲಿನ ಮೇಲಿದ್ದ ಬಿಳಿ ಬಟ್ಟೆಯ ಗಂಟನ್ನು ಎತ್ತಿಕೊಳ್ಳುತ್ತಾಳೆ. ಕೆಲಸದ ಹುಡುಗಿ ಬೆನ್ನು ತಿರುಗಿಸಿ ನಿಂತಿದ್ದಳು, ಅಷ್ಟೇ. ಎಲ್ಲಿಗೆ ಓಡಿದೆ ಅನ್ನೋದೂ ಅವಳಿಗೆ ಗೊತ್ತಾಗೋದಿಲ್ಲ.

ಗಂಟಿನಲ್ಲಿ ಬಾಣಂತಿಯ ಬಟ್ಟೆ, ಬೆಳ್ಳಿಯ ಬಟ್ಟಲು, ಆರು ಚಮಚ, ರೇಷ್ಮೆ ಕರವಸ್ತ್ರ, ಕಾಗದದಲ್ಲಿ ಸುತ್ತಿದ 18 ಶಿಲ್ಲಿಂಗ್ 6 ಪೆನ್ಸ್. ರಾತ್ರಿಯೆಲ್ಲ ಅಳುತ್ತಾಳೆ. ನನ್ನ ಹಾಗೇ ಯಾವಳೋ ಬಡ ವಿಧವೆ, ಮಗುವಿನ ಹೊಟ್ಟೆಗೆ ಅಂತ ಮಾರೋಕೆ ತಂದಿದ್ದಳೇನೋ ಅಂದುಕೊಳ್ಳುತ್ತಾಳೆ. ಇಲ್ಲಿ ಅವಳನ್ನು ಕಟುವಾಗಿ ಬೈಯೋಕೆ ನನಗೆ ಮನಸ್ಸು ಬರೋದಿಲ್ಲ. ಗತಿಗೇಡು ನಿಜ, ಚುಚ್ಚಿದ್ದೂ ನಿಜ.

ಮುಂದಿನ ಪುಟಗಳನ್ನು ಎರಡು ಸಲ ಓದಿ. ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ನೃತ್ಯ ಶಾಲೆಯಿಂದ ಒಬ್ಬಳೇ ಮನೆಗೆ ಹೋಗುತ್ತಿದ್ದಾಳೆ. ಕತ್ತಿನಲ್ಲಿ ಚಿನ್ನದ ಮಣಿಸರ. ಮಾಲ್ ಕೈ ಹಿಡಿದು ಮಾತಾಡಿಸುತ್ತಾ ಓಣಿಗೆ ಕರೆದುಕೊಂಡು ಹೋಗುತ್ತಾಳೆ. ಬಟ್ಟೆ ಸರಿಮಾಡುವ ನೆಪದಲ್ಲಿ ಸರ ಬಿಚ್ಚುತ್ತಾಳೆ. ಆಗ ಒಂದು ಕ್ಷಣ, ಮಗು ಕೂಗಬಾರದು ಅಂತ ಇಲ್ಲೇ ಕೊಂದುಬಿಡಲೇ ಅನ್ನುವ ಯೋಚನೆ ಬರುತ್ತದೆ. ಅದಕ್ಕೆ ಅವಳೇ ಬೆಚ್ಚಿಬೀಳುತ್ತಾಳೆ, ಮಗುವನ್ನು ವಾಪಸ್ ಮನೆಯ ದಾರಿಗೆ ತಿರುಗಿಸಿ ಹೊರಡುತ್ತಾಳೆ. ಇಷ್ಟೇ ಆಗಿದ್ದರೆ ಭಯಂಕರ ದೃಶ್ಯ ಅಂತ ಮುಂದೆ ಹೋಗಬಹುದಿತ್ತು. ಅವಳು ಇನ್ನೂ ಒಂದು ಮಾತು ಸೇರಿಸುತ್ತಾಳೆ: ಚಿಕ್ಕ ಮಗುವನ್ನು ಒಂಟಿಯಾಗಿ ಬಿಟ್ಟ ಅಪ್ಪ ಅಮ್ಮನಿಗೆ ನಾನು ತಕ್ಕ ಬುದ್ಧಿ ಕಲಿಸಿದೆ. ಸರದ ಬೆಲೆ 12 ಅಥವಾ 14 ಪೌಂಡ್ ಅಂತ ಅಂದಾಜೂ ಕೊಡುತ್ತಾಳೆ. ತಾಯಿಯ ಒಣಜಂಬದಿಂದ ಸರ ಹಾಕಿದ್ದಾರೆ, ನೋಡಿಕೊಳ್ಳಬೇಕಾದ ಕೆಲಸದವಳು ಎಲ್ಲೋ ಹರಟುತ್ತಿದ್ದಾಳೆ ಅಂತ ತಪ್ಪನ್ನು ಎಲ್ಲರಿಗೂ ಹಂಚುತ್ತಾಳೆ. ತನಗೆ ಮಾತ್ರ ಪಾಲಿಲ್ಲ.

ಮೊದಲ ಗಂಟಿಗೂ ಈ ಸರಕ್ಕೂ ನಡುವೆ ಹೆಚ್ಚು ದಿನ ಕಳೆದಿಲ್ಲ. ಬಡತನವೂ ಬದಲಾಗಿಲ್ಲ. ಬದಲಾದದ್ದು ಅವಳು ತನಗೆ ತಾನೇ ಹೇಳಿಕೊಳ್ಳುವ ಸಮಜಾಯಿಷಿ. ಮುಂದೆ ಓದುವಾಗ ಪ್ರತಿ ಕಳ್ಳತನಕ್ಕೂ ಅವಳು ಕೊಡುವ ಸಬೂಬನ್ನು ಒಂದೇ ಸಾಲಿನಲ್ಲಿ ಬರೆಯುತ್ತಾ ಹೋಗಿ. ಕುಡಿದು ಬಿದ್ದ ಶ್ರೀಮಂತನ ಚಿನ್ನದ ಗಡಿಯಾರ, ಕತ್ತಿ, ವಿಗ್ ದೋಚಿದಾಗ ಕುಡುಕರ ಬಗ್ಗೆಯೇ ಒಂದು ಉಪನ್ಯಾಸ ಬರುತ್ತದೆ. ನಗು ಬರುತ್ತದೆ, ಆದರೆ ಆ ನಗುವೇ ಅವಳ ಉಪಾಯ ಅನ್ನೋದು ನೆನಪಿರಲಿ.

ಬೆಂಕಿ ಬಿದ್ದ ಮನೆಯ ಪ್ರಸಂಗ ನನ್ನ ಪ್ರಕಾರ ಇಡೀ ಪುಸ್ತಕದ ಅತಿ ಕೆಟ್ಟ ಕೆಲಸ. ಉರಿಯುವ ಮನೆಯಿಂದ ಮಕ್ಕಳನ್ನೂ ಸಾಮಾನನ್ನೂ ಉಳಿಸುತ್ತಿರುವ ಗಡಿಬಿಡಿಯಲ್ಲಿ, ಸಹಾಯಕ್ಕೆ ಬಂದವಳ ಹಾಗೆ ನಟಿಸಿ, ಮನೆಯೊಡತಿ ನಂಬಿ ಕೊಟ್ಟ ಗಂಟನ್ನು ಹೊತ್ತು ಮಾಯವಾಗುತ್ತಾಳೆ. ಬಿಚ್ಚಿ ನೋಡಿದಾಗ ಅವಳಿಗೇ ಹೇಸಿಗೆಯಾಗುತ್ತದೆ, ಇದು ನಾನು ಮಾಡಿದ್ದರಲ್ಲೇ ಕೆಟ್ಟದ್ದು ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಆ ನೋವು ಸವೆದುಹೋಯಿತು ಅಂತ ಅವಳೇ ಒಪ್ಪಿಕೊಳ್ಳುತ್ತಾಳೆ. ಈ ಸಾಲಿಗೆ ಗೆರೆ ಎಳೆಯಿರಿ. ನೀತಿ ಗೊತ್ತಿಲ್ಲದವಳಲ್ಲ ಇವಳು. ಗೊತ್ತಿರೋದು ಬೇಗ ಆರಿಹೋಗುತ್ತದೆ, ಅದೇ ತೊಂದರೆ.

ಬಡತನದ ನೆಪ ಎಲ್ಲಿ ಮುಗಿಯುತ್ತದೆ?

ಇದಕ್ಕೆ ಪುಸ್ತಕದಲ್ಲೇ ಸ್ಪಷ್ಟ ಗುರುತುಗಳಿವೆ, ಹುಡುಕಿದರೆ ಸಿಗುತ್ತವೆ. ಹಿಂದೆ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಈಗ ಗಿರವಿ ಅಂಗಡಿಯವಳು, ಕದ್ದ ಮಾಲು ಕೊಳ್ಳುವವಳು. ಅವಳ ಮನೆ ಸೇರಿದ ಮೇಲೆ ಮಾಲ್‌ಗೆ ಹೊಲಿಗೆ ಕೆಲಸ ಸಿಗುತ್ತದೆ. ಎಂಟನೆಯ ವಯಸ್ಸಿನಲ್ಲಿ ಬಯಸಿದ್ದ ಅದೇ ಬದುಕು, ಕಷ್ಟಪಟ್ಟು ದುಡಿದು ತಿನ್ನೋದು. ನಡೆಯುತ್ತಲೂ ಇತ್ತು. ಆದರೂ ‘ಸುಮ್ನೆ ಒಂದು ಸುತ್ತು ಹೋಗಿ ಬರೋಣ’ ಅನ್ನಿಸುತ್ತದೆ, ಹೋದವಳು ಹೆಂಡದಂಗಡಿಯಿಂದ ಬೆಳ್ಳಿಯ ದೊಡ್ಡ ಲೋಟ ಹೊತ್ತು ತರುತ್ತಾಳೆ. ವಾಪಸ್ ಕೊಡಲೇ ಅಂತ ಕೇಳಿದರೆ ಗಿರವಿಯವಳು ನಗುತ್ತಾಳೆ. ಆಮೇಲೆ ಕೈಯಲ್ಲಿ ಸುಮಾರು 500 ಪೌಂಡ್ ನಗದು ಸೇರುತ್ತದೆ. ಮನೆಗೆಲಸದ ಹುಡುಗಿಗೆ ವರ್ಷಕ್ಕೆ ಕೆಲವೇ ಪೌಂಡ್ ಸಂಬಳದ ಕಾಲ ಅದು. ಇಷ್ಟರಲ್ಲಿ ಚೆನ್ನಾಗೇ ಬದುಕಬಹುದಿತ್ತು, ಆದರೆ ಬಿಡೋಕೆ ಆಗಲಿಲ್ಲ ಅಂತ ಅವಳ ಬಾಯಲ್ಲೇ ಬರುತ್ತದೆ.

ಹಾಗಾದರೆ ಆಮೇಲೆ ಅವಳನ್ನು ನಡೆಸಿದ್ದು ಏನು? ಕೈಚಳಕದ ಹೆಮ್ಮೆ ಅಂತ ನನಗೆ ಅನ್ನಿಸುತ್ತದೆ. ಜೊತೆಯವರು ಒಬ್ಬೊಬ್ಬರೇ ನೇಣಿಗೆ ಹೋದರೂ ತಾನು ಸಿಕ್ಕಿಬೀಳೋದಿಲ್ಲ ಅನ್ನುವ ಜಂಬ. ಒಮ್ಮೆ ಯಾರೋ ಹಿಡಿದುಕೊಳ್ಳಿ ಅಂತ ಕೊಟ್ಟ ಕುದುರೆಯನ್ನೇ ಹೊಡೆದುಕೊಂಡು ಬಂದು, ಇದನ್ನೇನು ಮಾಡೋದು ಅಂತ ಗೊತ್ತಾಗದೆ ಪೇಚಾಡುತ್ತಾಳೆ. ಕುದುರೆ ಅವಳಿಗೆ ಯಾತಕ್ಕೂ ಬೇಕಿರಲಿಲ್ಲ! ಖೋಟಾ ನಾಣ್ಯ ಮಾಡುವ ಗುಂಪು ಕರೆದಾಗ ಮಾತ್ರ ಹಿಂದೆ ಸರಿಯುತ್ತಾಳೆ. ಅದಕ್ಕೆ ಸಿಕ್ಕಿಬಿದ್ದ ಹೆಂಗಸನ್ನು ಕಂಬಕ್ಕೆ ಕಟ್ಟಿ ಸುಡುವ ಶಿಕ್ಷೆ ಇತ್ತು. ಇಂಥ ಕಡೆ ಅವಳು ಬೇಡ ಅಂದದ್ದನ್ನು ನೀತಿಯ ಖಾತೆಗೆ ಜಮಾ ಮಾಡಬೇಡಿ, ಅದು ಭಯದ ಖಾತೆ.

ನನಗೆ ಬಹಳ ಇಷ್ಟವಾದದ್ದು ಇನ್ನೊಬ್ಬ ಬಟ್ಟೆ ವ್ಯಾಪಾರಿಯ ಪ್ರಸಂಗ. ವಿಧವೆಯ ವೇಷದಲ್ಲಿ ಏನಾದರೂ ಸಿಗುತ್ತದಾ ಅಂತ ಅಡ್ಡಾಡುತ್ತಿದ್ದಾಗ, ಬೇರೆ ಯಾರೋ ಮಾಡಿದ ಕಳ್ಳತನಕ್ಕೆ ಇವಳನ್ನು ಹಿಡಿಯುತ್ತಾರೆ. ಆ ಒಂದು ಸಲ ಅವಳು ನಿಜವಾಗಿ ನಿರಪರಾಧಿ. ಏನು ಕೋಪ, ಏನು ಮರ್ಯಾದೆಯ ಮಾತು! ವಕೀಲನನ್ನು ಹಿಡಿದು, ಒಳ್ಳೆಯ ಬಟ್ಟೆ ತೊಟ್ಟು, ಗಿರವಿಯವಳ ಹತ್ತಿರವಿದ್ದ ಮುತ್ತಿನ ಸರ ಹಾಕಿಕೊಂಡು ಹೋಗಿ 150 ಪೌಂಡ್ ಪರಿಹಾರವನ್ನೂ ಕಪ್ಪು ರೇಷ್ಮೆಯ ಉಡುಪನ್ನೂ ವಸೂಲು ಮಾಡುತ್ತಾಳೆ. ಕಾನೂನಿನ ಪ್ರಕಾರ ಸರಿ. ಅವಳ ಎಷ್ಟೋ ಕಳ್ಳತನಗಳಿಗಿಂತ ಲಾಭದ್ದು ಕೂಡ.

ಪಶ್ಚಾತ್ತಾಪವನ್ನು ಹೇಗೆ ಪರೀಕ್ಷಿಸೋದು

ಕೊನೆಗೆ ಎರಡು ತುಂಡು ರೇಷ್ಮೆಯ ಜೊತೆ ಬಾಗಿಲಲ್ಲೇ ಸಿಕ್ಕಿಬೀಳುತ್ತಾಳೆ. ಆರೋಪಪಟ್ಟಿಯಲ್ಲಿ ಮಾಲಿನ ಬೆಲೆ 46 ಪೌಂಡ್. ಮನೆಯೊಡತಿಗೆ ಕರುಣೆ ಬರುತ್ತದೆ, ಕೆಲಸದ ಹುಡುಗಿಯರು ಬಿಡೋಲ್ಲ. ಗಲ್ಲಿನ ತೀರ್ಪಾಗುತ್ತದೆ.

ನ್ಯೂಗೇಟ್‌ನ ಪುಟಗಳಲ್ಲಿ ಎರಡು ಬಗೆಯ ಅಳು ಇದೆ, ಬೇರೆ ಬೇರೆ ಇಡಿ. ಮೊದಲನೆಯದು ಶಿಕ್ಷೆಗೆ ಹೆದರಿದ ಅಳು. ಪಾಪ ಮಾಡಿದೆ ಅಂತಲ್ಲ, ಶಿಕ್ಷೆ ಆಗುತ್ತದಲ್ಲ ಅಂತ ಅತ್ತೆ ಅನ್ನೋದನ್ನು ಅವಳೇ ಬಿಡಿಸಿ ಹೇಳುತ್ತಾಳೆ. ಇಷ್ಟು ಪ್ರಾಮಾಣಿಕವಾಗಿ ತನ್ನ ಅಳುವನ್ನೇ ಸೀಳಿ ನೋಡುವವಳನ್ನು ಬರೀ ನಾಟಕದವಳು ಅನ್ನೋಕೆ ಆಗೋಲ್ಲ. ಎರಡನೆಯದು ಪಾದ್ರಿಯೊಬ್ಬ ಬಂದು ಮಾತಾಡಿದ ಮೇಲಿನದು. ಅದನ್ನು ನಾನು ನಂಬುತ್ತೇನೆ, ಆ ಹೊತ್ತಿಗೆ. ಅದಕ್ಕೂ ಮುಂಚೆ ಅವಳ ಮನಸ್ಸು ಕರಗಿದ್ದು ಮತ್ತೊಬ್ಬರಿಗಾಗಿ, ಅದನ್ನು ಮರೆಯಬೇಡಿ. ಇಬ್ಬರೂ ಶ್ರೀಮಂತರು ಅಂತ ಪರಸ್ಪರ ಮೋಸ ಮಾಡಿ ಮದುವೆಯಾಗಿದ್ದ ಲ್ಯಾಂಕಾಶೈರ್ ಗಂಡ ಜೆಮ್ಮಿ, ದಾರಿಗಳ್ಳನಾಗಿ ಅದೇ ಜೈಲಿಗೆ ಬರುತ್ತಾನೆ. ಇವನ ಈ ಗತಿಗೆ ನಾನೇ ಕಾರಣ ಅಂತ ಅವಳು ಒದ್ದಾಡುತ್ತಾಳೆ. ಹಿಂದೊಮ್ಮೆ ಬ್ರಿಕ್‌ಹಿಲ್ ಊರಿನಲ್ಲಿ ಅವನ ಬೆನ್ನು ಹತ್ತಿದವರಿಗೆ ‘ಅವರು ಗೌರವಸ್ಥರು, ನನಗೆ ಗೊತ್ತು’ ಅಂತ ಸುಳ್ಳು ಹೇಳಿ ಅವನನ್ನು ಉಳಿಸಿದ್ದಳು. ಅದರಿಂದ ಅವಳಿಗೆ ಒಂದು ಕಾಸೂ ಸಿಗಲಿಲ್ಲ.

ಮುಂದಿನ ಪರೀಕ್ಷೆ ಸರಳ. ಪಶ್ಚಾತ್ತಾಪವಾದ ಮೇಲೆ ಕದ್ದದ್ದರಲ್ಲಿ ಎಷ್ಟು ವಾಪಸ್ ಹೋಯಿತು? ಏನೂ ಇಲ್ಲ. ಗಲ್ಲು ತಪ್ಪಿ ಗಡಿಪಾರಾದಾಗ ಅದೇ ದುಡ್ಡಿನಿಂದ ಹಡಗಿನಲ್ಲಿ ಒಳ್ಳೆಯ ಕೋಣೆ, ಅದೇ ದುಡ್ಡಿನಿಂದ ಅಮೆರಿಕದಲ್ಲಿ ಜಮೀನು. ತಾಯಿ ಬಿಟ್ಟುಹೋದ ಆಸ್ತಿಯಿಂದ ವರ್ಷಕ್ಕೆ ಸುಮಾರು 100 ಪೌಂಡ್ ಬೇರೆ. ಅಣ್ಣತಮ್ಮನ ಜೊತೆಗಿನ ಆ ಮದುವೆಯಲ್ಲಿ ಹುಟ್ಟಿ, ಈಗ ಅಲ್ಲಿ ಸಿಕ್ಕ ಮಗ ಹಂಫ್ರಿಗೆ ಪ್ರೀತಿಯಿಂದ ಒಂದು ಚಿನ್ನದ ಗಡಿಯಾರ ಕೊಡುತ್ತಾಳೆ. ಲಂಡನ್ನಿನ ಪ್ರಾರ್ಥನಾ ಮಂದಿರದಲ್ಲಿ ಒಬ್ಬ ಹೆಂಗಸಿನ ಸೊಂಟದಿಂದ ಕದ್ದದ್ದು ಅಂತ ಅವನಿಗೆ ಹೇಳಲಿಲ್ಲ ಬಿಡಿ ಅಂತ ನಮಗೆ ಮಾತ್ರ ಹೇಳುತ್ತಾಳೆ. ಪಶ್ಚಾತ್ತಾಪ ಪಟ್ಟ ಮುದುಕಿ ಇದನ್ನು ಹೇಳುವಾಗ ನಗುತ್ತಿದ್ದಾಳಾ? ನನಗಂತೂ ಕೇಳಿಸುತ್ತದೆ.

ಈ ನಗು ಡೆಫೋ ಬೇಕೆಂದೇ ಇಟ್ಟದ್ದಾ ಅಂತ ವಿಮರ್ಶಕರು ಬಹಳ ಕಾದಾಡಿದ್ದಾರೆ. 1950ರ ದಶಕದಲ್ಲಿ ಡೊರೊಥಿ ವ್ಯಾನ್ ಗೆಂಟ್ ಇದೆಲ್ಲ ವ್ಯಂಗ್ಯ ಅಂದರು, ಇಯಾನ್ ವಾಟ್ ಒಪ್ಪಲಿಲ್ಲ. ಮುನ್ನುಡಿಯನ್ನು ಕೊನೆಯಲ್ಲಿ ಮತ್ತೊಮ್ಮೆ ಓದಿದರೆ ನಾನು ವ್ಯಾನ್ ಗೆಂಟ್ ಕಡೆಗೆ ಯಾಕೆ ವಾಲುತ್ತೇನೆ ಅಂತ ಗೊತ್ತಾಗುತ್ತದೆ. ಅಲ್ಲಿ ‘ಸಂಪಾದಕ’ನ ವೇಷದಲ್ಲಿ ಡೆಫೋ ಎರಡು ಮಾತು ಉದುರಿಸುತ್ತಾನೆ: ಪಶ್ಚಾತ್ತಾಪದ ಭಾಗಕ್ಕೆ ಪಾಪದ ಭಾಗದಷ್ಟು ಕಳೆ ಇಲ್ಲ ಅಂತ ಓದುಗರು ಹೇಳುತ್ತಾರೆ, ಮುದಿ ವಯಸ್ಸಿನಲ್ಲಿ ಇವಳ ಪಶ್ಚಾತ್ತಾಪ ಮೊದಲಿನಷ್ಟು ಜೋರಾಗಿ ಉಳಿದಿರಲಿಲ್ಲವಂತೆ.

ಬರೆಯುವಾಗ

ಪರೀಕ್ಷೆಗೋ, ಓದುಗರ ಕೂಟಕ್ಕೋ ಇದರ ಮೇಲೆ ಬರೆಯಬೇಕಾದರೆ ‘ಅವಳು ಒಳ್ಳೆಯವಳೇ?’ ಅಂತ ಶುರು ಮಾಡಬೇಡಿ. ಮೂರು ಕೃತ್ಯ ಆರಿಸಿಕೊಳ್ಳಿ, ಒಂದು ಬಡತನದ್ದು, ಒಂದು ಚಟದ್ದು, ಒಂದು ಪಶ್ಚಾತ್ತಾಪದ ನಂತರದ್ದು. ಪ್ರತಿಯೊಂದಕ್ಕೂ ಅವಳ ಕೈಲಿದ್ದ ದುಡ್ಡು, ಕಳೆದುಕೊಂಡವರು, ಅವಳು ಕೊಟ್ಟ ಸಬೂಬು ಬರೆಯಿರಿ. ತೀರ್ಪು ಆಮೇಲೆ. ನನ್ನದು ಹೀಗಿದೆ: ಔಷಧಿ ಅಂಗಡಿಯ ಗಂಟಿಗೆ ಕ್ಷಮೆ ಉಂಟು, ಮಣಿಸರಕ್ಕೂ ಬೆಂಕಿಮನೆಗೂ ಇಲ್ಲ, ಬಟ್ಟೆ ವ್ಯಾಪಾರಿ ತೆತ್ತ 150 ಪೌಂಡಿಗೆ ನನಗೇನೂ ಬೇಜಾರಿಲ್ಲ. ಮಕ್ಕಳ ವಿಷಯದಲ್ಲಿ ತೀರ್ಪು ಕೊಡೋಕೆ ಮಾತ್ರ ಈಗಲೂ ತಡವರಿಸುತ್ತೇನೆ. ಯಾಕೆಂದರೆ ಆ ದೊಡ್ಡ ಮಗ, ಓಡಿಹೋದ ಬಟ್ಟೆ ವ್ಯಾಪಾರಿ, ಹೀಗೆ ಪುಸ್ತಕದ ಗಂಡಸರನ್ನು ಒಬ್ಬೊಬ್ಬರನ್ನಾಗಿ ಮೊದಲು ಕಟಕಟೆಗೆ ಕರೆಯಬೇಕಾಗುತ್ತದೆ, ಅಷ್ಟರಲ್ಲಿ ಪ್ರಬಂಧದ ಪುಟ ಮುಗಿದಿರುತ್ತದೆ.